ಗುಂಡಿಯ ಕಿವಿ ನೆಟ್ಟಗಾದಾಗ

ತಪ್ಪು ಅಚ್ಚಾಗುವ ಮೊದಲೇ ಅದನ್ನು ಹಿಡಿಯುವವನು ನಾನು. ಇದು ಜಂಬವಲ್ಲ, ಉದ್ಯೋಗ! ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಒತ್ತು ತಪ್ಪಿದ ಅಕ್ಷರ, ಕೊಂಬು ಕಳೆದುಕೊಂಡ ಪದ, ವಾಕ್ಯದ ಮಧ್ಯೆ ಬಂದು ಕೂತ ಪೂರ್ಣವಿರಾಮ, ಎಲ್ಲವೂ ನನ್ನ ಕನ್ನಡಕದ ಮುಂದೆ ತಾವಾಗಿಯೇ ತಲೆತಗ್ಗಿಸಿ ನಿಲ್ಲುತ್ತವೆ. ಅಂಥ ನನಗೆ ಒಂದು ನಾಯಿ ಯಾವ ಲೆಕ್ಕ?

"ನಾಯಿ ಮಾಡೋ ಕಿತಾಪತಿ ಮೊದಲೇ ಅದರ ಮುಖದ ಮೇಲೆ ಅಚ್ಚಾಗಿರುತ್ತೆ ಕಣೇ. ಓದೋ ಕಣ್ಣು ಬೇಕು, ಅಷ್ಟೇ!" ಎಂದು ಹೆಂಡತಿಯ ಮುಂದೆ ಘೋಷಿಸಿದೆ.

"ಓದಿ, ಯಾರು ಬೇಡ ಅಂದ್ರು? ಹಾಗೇ ಆ ಹಾಲು ಉಕ್ಕದ ಹಾಗೂ ನೋಡ್ಕೊಳ್ಳಿ" ಎಂದು ಅವಳು ಬಟ್ಟೆ ಒಣಹಾಕಲು ಹೋದಳು.

ಹಾಲು ಉಕ್ಕಿತು. ನಾನು ಹೇಳಿದ್ದು ನಾಯಿಯ ಮುಖದ ವಿಷಯ, ಹಾಲಿನ ಮುಖದ್ದಲ್ಲ!

ನಾಯಿ ನಮ್ಮದಲ್ಲ, ನನ್ನ ಗೆಳೆಯನದು. ಗೆಳೆಯ ದರ್ಜಿ. 'ದರ್ಜಿಯಾಗಿದ್ದ' ಎಂದು ಬರೆಯಬೇಕು; ಕರಡು ತಿದ್ದುವವನು ಅಷ್ಟು ದೊಡ್ಡ ತಪ್ಪನ್ನು ಬಿಡಬಾರದು. ಆದರೆ ಇದೊಂದನ್ನು ತಿದ್ದಲು ಇನ್ನೂ ಕೈ ಬರುತ್ತಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಅವನು ನನ್ನ ಅಂಗಿಯ ಕಾಲರನ್ನು ನೋಡಿ, "ಇದನ್ನ ಯಾವ ಕಟುಕ ಹೊಲಿದನೋ?" ಎಂದು ಬೈದಿದ್ದ. ಆಮೇಲೆ, "ಗುಂಡಿ ನಿಮ್ಮನೇಲಿರಲಿ" ಎಂದ. ನಾನು ಹೂಂ ಎಂದೆ. ಅಷ್ಟೇ ನಮ್ಮ ಮಾತು.

ಗುಂಡಿ ಎಂದರೆ ಅವನ ನಾಯಿ. ಕೋಟಿನ ಗುಂಡಿಯಂಥ ಕಪ್ಪು ದುಂಡು ಕಣ್ಣು, ಅದಕ್ಕೇ ಆ ಹೆಸರು. ಅಂಗಡಿಯಲ್ಲಿ ಅದು ಸದಾ ಹೊಲಿಗೆ ಯಂತ್ರದ ಕೆಳಗೆ ಮಲಗಿರುತ್ತಿತ್ತು. "ನನ್ನ ಅಸಿಸ್ಟೆಂಟ್" ಎಂದು ಅವನು ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದ. ಎದುರಿನ ಬೆಂಚಿನ ಮೇಲೆ ಕೂತು ನಾನು ವರ್ಷಗಟ್ಟಲೆ ಪುಸ್ತಕಗಳ ಬಗ್ಗೆ ಹರಟಿದ್ದೇನೆ. ಆದರೆ ಆ ಅಸಿಸ್ಟೆಂಟ್ ಅಲ್ಲಿ ಏನು ಕೆಲಸ ಮಾಡುತ್ತದೆ ಎಂದು ಬಗ್ಗಿ ನೋಡಿದವನಲ್ಲ.

ಈಗ ನಮ್ಮ ಮನೆಯ ವಿಷಯ. ಮನೆ ಬಾಡಿಗೆಯದು, ಮೊದಲ ಮಹಡಿ. ಮಾಲೀಕರು ನಿವೃತ್ತ ಹೆಡ್‌ಮೇಷ್ಟ್ರು. ಇಡೀ ಬೀದಿಯನ್ನೇ ತರಗತಿ ಎಂದು ತಿಳಿದು ನಡೆಯುವವರು. ನಾಯಿ ಬಂದಿದೆಯೆಂದು ಕೇಳಿದ್ದೇ ತಡ, ಮೆಟ್ಟಿಲ ಬುಡದಲ್ಲಿ ನಿಂತು ತೀರ್ಪು ಕೊಟ್ಟರು.

"ಭಾನುವಾರ ಬರ್ತೀನಿ. ಒಂದು ಕಪ್ ಟೀ ಕುಡಿಯೋವರೆಗೆ ನಿಮ್ಮ ನಾಯೀನ ನೋಡ್ತೀನಿ. ಶಿಸ್ತಾಗಿದ್ರೆ ಇರಲಿ. ಏನಾದ್ರೂ ಕಿತಾಪತಿ ಮಾಡ್ತೋ, ಅವತ್ತೇ ಮನೆಯಿಂದ ಆಚೆಗೆ!"

ಗೆಳೆಯನ ಅಂಗಡಿಗೆ ಆಗಲೇ ಬೇರೆ ಬೋರ್ಡು ಬಿದ್ದಿತ್ತು, ಹೊಲಿಗೆ ಯಂತ್ರವನ್ನು ಯಾರೋ ಒಯ್ದಿದ್ದರು. ಉಳಿದಿರುವುದು ಬಾಲ ಅಲ್ಲಾಡಿಸುವ ಈ ಒಂದು ಜೀವ. ಅದನ್ನೂ ಕಳೆದುಕೊಳ್ಳುವುದೇ? ಖಂಡಿತ ಇಲ್ಲ! ಅಂದಿನಿಂದಲೇ ಗುಂಡಿಯ ಅಧ್ಯಯನಕ್ಕೆ ಕೂತೆ.

ಮೊದಲ ದಿನವೇ ಮಹತ್ವದ ಸಂಶೋಧನೆ ಮಾಡಿದೆ. ಗುಂಡಿ ನಾಲಿಗೆ ಒಳಗೆಳೆದುಕೊಂಡು, ಮೂಗು ಸುಕ್ಕಾಗಿಸಿ, ತಲೆ ಮೇಲೆತ್ತಿದರೆ ಅದು ದಾಳಿಯ ಸೂಚನೆ! ನಾನು ಸೋಫಾದ ಮೇಲಿಂದ ಹಾರಿ ಅದರ ಕುತ್ತಿಗೆ ಪಟ್ಟಿ ಹಿಡಿದೆ. ಅದು ನನ್ನ ಮುಖಕ್ಕೇ ಸರಿಯಾಗಿ ಸೀನಿತು.

ಎರಡನೆಯ ಸಂಶೋಧನೆ: ಮನೆಯಲ್ಲಿ ಸದ್ದಿಲ್ಲವೆಂದರೆ ನಾಯಿ ಎಲ್ಲೋ ಏನನ್ನೋ ಕಚ್ಚುತ್ತಿದೆ ಎಂದರ್ಥ. ಸದ್ದಿಲ್ಲದ್ದನ್ನು ಕಂಡು ನಾನು ಅಡುಗೆಮನೆಗೆ ನುಗ್ಗಿದೆ. ನುಗ್ಗುವ ಭರದಲ್ಲಿ ಮೊಣಕೈ ತಗುಲಿ ಗಾಜಿನ ಲೋಟಗಳು ಉರುಳಿದವು. ಗುಂಡಿ ಹಜಾರದಲ್ಲಿ, ನಾನು ಎದ್ದು ಬಂದ ಕುರ್ಚಿಯ ಕೆಳಗೇ ನಿದ್ದೆ ಮಾಡುತ್ತಿತ್ತು. ಲೋಟ ಒಡೆದ ಸದ್ದಿಗೆ ಎದ್ದು ಬಂದು, ಬಾಗಿಲಲ್ಲಿ ನಿಂತು, ನನ್ನನ್ನು ನೋಡಿ ಒಂದು ನಿಟ್ಟುಸಿರು ಬಿಟ್ಟಿತು.

"ರೀ, ನಾಯಿ ಬಂದಮೇಲೆ ನಾಯಿ ಒಂದು ಚಮಚಾನೂ ಬೀಳಿಸಿಲ್ಲ. ಲೋಟ ಎಲ್ಲಾ ಮುಗಿಸಿದ್ದು ನೀವು!" ಎಂದಳು ಹೆಂಡತಿ, ಪೊರಕೆ ಹಿಡಿದು.

"ಇದು ಮುಂಜಾಗ್ರತೆ ಕಣೇ!"

"ಹಾಗಾದ್ರೆ ಭಾನುವಾರ ಸ್ಟೀಲ್ ಲೋಟದಲ್ಲೇ ಟೀ ಕೊಡ್ತೀನಿ. ಅದು ನನ್ನ ಮುಂಜಾಗ್ರತೆ!"

ಭಾನುವಾರ ಬಂತು. ಮೇಷ್ಟ್ರೂ ಬಂದರು. ಇಸ್ತ್ರಿ ಮಾಡಿದ ಬೂದು ಬಣ್ಣದ ಹೊಸ ಪ್ಯಾಂಟು. ಅದರ ಮಡಿಕೆ ಎಷ್ಟು ಚೂಪಾಗಿತ್ತೆಂದರೆ ಅದರಿಂದ ಪೆನ್ಸಿಲು ಹೆರೆಯಬಹುದಿತ್ತು! ಸೋಫಾದ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿ, "ಎಲ್ಲಿ ಅಭ್ಯರ್ಥಿ?" ಎಂದರು.

ಗುಂಡಿ ಬಂದಿತು. ಬಾಲ ಅಲ್ಲಾಡಿಸಿತು. ಹೇಳಿಕೊಟ್ಟಂತೆ ಮೇಷ್ಟ್ರ ಎದುರು ಕೂತಿತು. ಮೇಷ್ಟ್ರ ಹುಬ್ಬು ಮೆಚ್ಚುಗೆಯಿಂದ ಮೇಲೇರಿತು. ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ.

ಅಷ್ಟರಲ್ಲಿ ಕಂಡೆ! ಗುಂಡಿಯ ಕಿವಿ ನೆಟ್ಟಗಾಯಿತು. ಬಾಲ ನಿಂತಿತು. ನಾಲಿಗೆ ಒಳಗೆ ಹೋಯಿತು. ಮೈ ಕಲ್ಲಾಯಿತು. ದುಂಡು ಕಣ್ಣು ಮೇಷ್ಟ್ರ ಕಾಲಿನ ಮೇಲೆ, ಪ್ಯಾಂಟಿನ ಅಂಚಿನ ಮೇಲೆ ನೆಟ್ಟಿತು. ಇದಕ್ಕಿಂತ ಸ್ಪಷ್ಟವಾದ ಕರಡನ್ನು ನನ್ನ ಜೀವಮಾನದಲ್ಲೇ ಓದಿರಲಿಲ್ಲ: ಇನ್ನೊಂದು ಕ್ಷಣದಲ್ಲಿ ಬಾಯಿ, ಅದರಲ್ಲಿ ಮೇಷ್ಟ್ರ ಕಾಲು!

"ಗುಂಡೀ, ಬೇಡಾ!" ಎಂದು ಕೂಗುತ್ತಾ ಹಾರಿದೆ.

ನನ್ನ ಯೋಜನೆಯ ಪ್ರಕಾರ ನಾನು ನಾಯಿಗೂ ಕಾಲಿಗೂ ನಡುವೆ ಇಳಿಯಬೇಕಿತ್ತು. ಇಳಿದದ್ದು ನೇರ ಕಾಲಿನ ಮೇಲೆ. ಆಸರೆಗೆಂದು ಸಿಕ್ಕಿದ್ದನ್ನು ಹಿಡಿದೆ. ಕೈಗಡಿಯಾರದ ಕೊಂಡಿ ಪ್ಯಾಂಟಿನ ಅಂಚಿಗೆ ಸಿಕ್ಕಿತು. ನಾನು ಜಾರಿದೆ, ಕೊಂಡಿಯೂ ನನ್ನೊಂದಿಗೆ ಹೊರಟಿತು. ಪರ್‌‌ರ್ ಎಂಬ ಸದ್ದು ಮೇಷ್ಟ್ರ ಪಾದದಿಂದ ಹೊರಟು ಮೊಣಕಾಲಿನ ತನಕ ನಿಲ್ಲದೆ ಪ್ರಯಾಣ ಮಾಡಿತು!

ಟೀ ತಟ್ಟೆ ಹಿಡಿದ ಹೆಂಡತಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು?" ಎಂದರು ಮೇಷ್ಟ್ರು, ಗಾಳಿಗೆ ತೆರೆದುಕೊಂಡ ತಮ್ಮ ಮೊಣಕಾಲನ್ನು ನೋಡುತ್ತಾ.

"ಸಾರ್, ನಾಯಿ ಕಚ್ಚುತ್ತಿತ್ತು... ಅಂದ್ರೆ, ಇನ್ನೇನು ಕಚ್ಚಬೇಕು ಅಂತಿತ್ತು..."

"ನಾಯಿ ಕೂತಲ್ಲೇ ಇದೆಯಲ್ಲ!"

ಹೌದು, ಗುಂಡಿ ಕೂತಲ್ಲೇ ಇತ್ತು. ಈಗ ಮಾತ್ರ ಮೆಲ್ಲಗೆ ಎದ್ದು ಬಂದಿತು. ಪ್ಯಾಂಟಿನ ಅಂಚಿನಿಂದ ಕಿತ್ತು ನೆಲದ ಮೇಲೆ ಬಿದ್ದಿದ್ದ ಬೂದು ಬಟ್ಟೆಯ ಚೂರನ್ನು ಬಾಯಿಯ ತುದಿಯಲ್ಲಿ, ಎಂಜಲು ತಾಗದಷ್ಟು ನಾಜೂಕಾಗಿ ಎತ್ತಿತು. ತಂದು ನನ್ನ ತೊಡೆಯ ಮೇಲಿಟ್ಟಿತು. ಆ ಚೂರಿನ ಅಂಚಿನಲ್ಲಿ ಒಂದು ಬಿಳಿ ನೂಲು ಜೋತಾಡುತ್ತಿತ್ತು. ಮೂಗಿನಿಂದ ಆ ನೂಲನ್ನು ಮುಟ್ಟಿ ತೋರಿಸಿ, ನನ್ನ ಮುಖ ನೋಡುತ್ತಾ ಕೂತಿತು.

ಅಸಿಸ್ಟೆಂಟ್ ಮಾಡುತ್ತಿದ್ದ ಕೆಲಸ ಆಗ ತಿಳಿಯಿತು. ಬಿಚ್ಚಿದ ನೂಲು ಕಂಡರೆ ಅದು ಕಣ್ಣು ನೆಟ್ಟು ಹೇಳುತ್ತಿತ್ತು, ಅವನು ಕತ್ತರಿಸುತ್ತಿದ್ದ. ಕೆಳಗೆ ಬಿದ್ದ ಚೂರನ್ನು ಅದು ಕೊಡುತ್ತಿತ್ತು, ಅವನು ಹೊಲಿಯುತ್ತಿದ್ದ. ಈಗ ಅದು ನನ್ನ ಕೈಗೆ ಕೊಟ್ಟು ಕಾಯುತ್ತಿದೆ. ಅಲ್ಲೇ, ಮೇಷ್ಟ್ರ ಕಾಲ ಬುಡದಲ್ಲೇ ಕೂತು, ನಾಯಿಯ ತಲೆ ಸವರಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಿದರೆ ನಾನು ನಾನೇ ಅಲ್ಲ!

"ಸಾರ್, ಪ್ಯಾಂಟು ಕೊಡಿ. ನಾನೇ ಹೊಲಿದುಕೊಡ್ತೀನಿ!"

"ರೀ, ನಿಮಗೆಲ್ಲಿ ಬರುತ್ತೆ?" ಎಂದಳು ಹೆಂಡತಿ ಗಾಬರಿಯಿಂದ.

"ದರ್ಜಿಯ ಆಪ್ತ ಸ್ನೇಹಿತ ಕಣೇ ನಾನು!"

"ಡಾಕ್ಟರ ಸ್ನೇಹಿತರೆಲ್ಲಾ ಆಪರೇಷನ್ ಮಾಡ್ತಾರಾ?"

ಮೇಷ್ಟ್ರಿಗೂ ಬೇರೆ ದಾರಿಯಿರಲಿಲ್ಲ. ಹಾಗೆಯೇ ಬೀದಿಗಿಳಿದರೆ ಇಡೀ ತರಗತಿ ನಗುತ್ತಿತ್ತು. ಕೋಣೆಗೆ ಹೋಗಿ, ನಮ್ಮ ಹೂವಿನ ಚಿತ್ತಾರದ ಹೊದಿಕೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಪದಚ್ಯುತ ಚಕ್ರವರ್ತಿಯಂತೆ ಬಂದು ಕೂತು ಟೀ ಹೀರತೊಡಗಿದರು. ನಾನು ಪ್ಯಾಂಟನ್ನು ನನ್ನ ತೊಡೆಯ ಮೇಲೆ ಹರಡಿಕೊಂಡು ಸೂಜಿಗೆ ನೂಲು ಪೋಣಿಸಿದೆ; ಅಂದರೆ, ಹೆಂಡತಿ ಪೋಣಿಸಿಕೊಟ್ಟಳು.

ಒಂದೊಂದೇ ಹೊಲಿಗೆ. ಗೆಳೆಯನ ಬೆರಳುಗಳು ನೆನಪಾದವು. ಅವನು ಮಾತಾಡುತ್ತಾ, ನಗುತ್ತಾ, ಕೈ ನೋಡದೆಯೇ ಹೊಲಿಯುತ್ತಿದ್ದ. ನಾನೂ ಕೈ ನೋಡದೆ ಹೊಲಿದೆ. ಕಣ್ಣು ಮಂಜಾಗಿತ್ತು, ನೋಡಿದ್ದರೂ ಕಾಣುತ್ತಿರಲಿಲ್ಲ.

ಗುಂಡಿಯ ಕಿವಿ ಮತ್ತೆ ನೆಟ್ಟಗಾಯಿತು. ಬಾಲ ನಿಂತಿತು. ಈ ಸಲ ಕಣ್ಣು ನನ್ನ ಮೊಣಕಾಲಿನ ಮೇಲೆ!

"ರೀ, ಅದೇನೋ ಹೇಳ್ತಾ ಇದೆ, ನೋಡಿ."

"ಏನೂ ಇಲ್ಲ. ನೂಲು ಜೋತಾಡ್ತಿದೆ, ಅದಕ್ಕೇ. ಈಗ ಅದರ ಮನಸ್ಸೆಲ್ಲಾ ನನಗೆ ಗೊತ್ತು!"

ಗುಂಡಿ ಕುಂಯ್‌ಗುಟ್ಟಿತು. ನನ್ನ ಮೊಣಕಾಲನ್ನು ಮೂಗಿನಿಂದ ತಿವಿಯಿತು. ಸೂಜಿ ಬೆರಳಿಗೆ ಚುಚ್ಚಿತು.

"ಇದನ್ನ ಸ್ವಲ್ಪ ಬಾಲ್ಕನಿಗೆ ಹಾಕೇ! ಕೆಲಸ ಮಾಡೋಕೆ ಬಿಡ್ತಿಲ್ಲ!"

ಬಾಲ್ಕನಿಯ ಬಾಗಿಲು ಮುಚ್ಚಿತು. ಗಾಜಿನ ಆಚೆಯಿಂದ ಗುಂಡಿ ನನ್ನ ಮೊಣಕಾಲನ್ನೇ ನೋಡುತ್ತಾ, ಬಾಗಿಲು ಕೆರೆಯುತ್ತಾ, ಪ್ರಾಣ ಹೋಗುವಂತೆ ಬೊಗಳಿತು. ನಾನು ಕೊನೆಯ ಗಂಟು ಹಾಕಿ ನೂಲನ್ನು ಹಲ್ಲಿನಿಂದ ಕತ್ತರಿಸಿದೆ.

"ತಗೊಳ್ಳಿ ಸಾರ್! ಹೊಸದರ ಹಾಗಿದೆ!" ಎಂದು ಎದ್ದು ನಿಂತು, ಪ್ಯಾಂಟನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದೆ.

ಪ್ಯಾಂಟು ಬರಲಿಲ್ಲ. ಎಳೆದೆ. ನನ್ನ ಎಡಗಾಲು ತಾನಾಗಿಯೇ ಮೇಲೆದ್ದಿತು. ಇನ್ನೂ ಜೋರಾಗಿ ಎಳೆದೆ. ಕಾಲು ಇನ್ನೂ ಮೇಲೆದ್ದಿತು. ಮೇಷ್ಟ್ರ ಪ್ಯಾಂಟು ನನ್ನ ಪ್ಯಾಂಟಿಗೆ, ಮೊಣಕಾಲಿನ ಉದ್ದಕ್ಕೂ, ಬಲವಾಗಿ ಹೊಲಿಗೆಯಾಗಿತ್ತು! ನಾನು ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಾ ಟೀಪಾಯಿಯನ್ನು ಒಂದು ಸುತ್ತು ಹಾಕಿ ಮೇಷ್ಟ್ರ ಪಕ್ಕದಲ್ಲೇ ಬಿದ್ದೆ.

ಬಾಲ್ಕನಿಯಲ್ಲಿ ಬೊಗಳಾಟ ನಿಂತಿತು. ಹೇಳುವುದನ್ನು ಹೇಳಿಯಾಯಿತು, ಇನ್ನು ನಿಮ್ಮ ಹಣೆಬರಹ ಎನ್ನುವಂತೆ ಗುಂಡಿ ಮುಖ ತಿರುಗಿಸಿತು.

ಮೇಷ್ಟ್ರು ನನ್ನನ್ನು ನೋಡಿದರು, ಆಮೇಲೆ ಗಾಜಿನಾಚೆ ನೋಡಿದರು. ಹೊದಿಕೆಯನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡು ನನ್ನ ಹೆಂಡತಿಯ ಕಡೆ ತಿರುಗಿದರು.

"ಏನಮ್ಮಾ, ಈ ಮನೇಲಿ ಎಡವಟ್ಟು ಆಗೋದು ಮೊದಲೇ ಗೊತ್ತಾಗೋದು ಒಬ್ಬರಿಗೇ. ಅವರನ್ನ ಯಾಕೆ ಆಚೆ ನಿಲ್ಲಿಸಿದ್ದೀರಿ? ಒಳಗೆ ಕರೀರಿ. ಇನ್ನು ಮೇಲೆ ಅವರು ಇಲ್ಲೇ ಇರಲಿ."

ಬಾಗಿಲು ತೆರೆದು ನಾನೇ ಅವರನ್ನು ಬರಮಾಡಿಕೊಳ್ಳಬೇಕಿತ್ತು. ಆದರೆ ಹೆಂಡತಿ ಕತ್ತರಿ ಹುಡುಕಿ ತರುವವರೆಗೆ ಮೇಷ್ಟ್ರ ಪ್ಯಾಂಟು ನನ್ನನ್ನು ಬಿಡಬೇಕಲ್ಲ!