ಸಂಬಳ ಕೇಳುವ ಅಕ್ಕ

ನಮ್ಮ ಅಕ್ಕನ ಕೈಗೆ ಸಿಕ್ಕಿ ತಮ್ಮ ಸಂಬಳವನ್ನು ಗುಟ್ಟಾಗಿ ಉಳಿಸಿಕೊಂಡವರು ಈ ಮದರಾಸಿನಲ್ಲಿ ಯಾರೂ ಇಲ್ಲ! ಪೊಲೀಸರಿಗೂ ಬಾಯಿ ಬಿಡದವರು ಅವಳ ಮುಂದೆ ಎರಡೇ ನಿಮಿಷದಲ್ಲಿ ಬಿಡುತ್ತಾರೆ.

ಅವಳು ಪಿಎಚ್‌ಡಿ ಮಾಡುತ್ತಿದ್ದಾಳೆ. ಐದು ವರ್ಷದಿಂದ. ದೇಶದ ಆದಾಯ ಬೆಳೆಯುತ್ತಿದೆ ಎನ್ನುತ್ತಾರಲ್ಲ, ಬೆಳೆದದ್ದು ಯಾರ ಮನೆ ಸೇರುತ್ತಿದೆ, ಯಾರ ಮನೆ ಸೇರುತ್ತಿಲ್ಲ ಎಂಬುದು ಅವಳ ವಿಷಯ. ಗಂಭೀರವಾದದ್ದೇ, ಒಪ್ಪಿದೆ. ಆದರೆ ಅದು ತಲೆಗೆ ಹೊಕ್ಕ ದಿನದಿಂದ ಅವಳು ಒಂದು ಕಡೆ ನಿಂತದ್ದಿಲ್ಲ. ಕಾಫಿ ಕುಡಿಯುವುದೂ ಹಾಲ್‌ನಿಂದ ಬಾಲ್ಕನಿಗೆ ಓಡಾಡುತ್ತಲೇ! ಚೀಲದಲ್ಲಿ ಸದಾ ಒಂದು ಕಟ್ಟು ಸರ್ವೆ ಫಾರಂ, ಸಿಕ್ಕವರನ್ನೆಲ್ಲ ಕೇಳಿ ತುಂಬಲು.

"ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಕಣೇ," ಎಂದು ಅಮ್ಮ ಬೇಡಿಕೊಂಡಳು.

"ಏನ್ಮಾಡ್ಲಿ ಅಮ್ಮಾ, ಫಾರಂನಲ್ಲಿ ಎರಡೂ ಇದ್ಯಲ್ಲ!"

ಒಮ್ಮೆ ಅಡ್ಯಾರಿನ ನಮ್ಮ ಮನೆಯಿಂದ ಟಿ. ನಗರಕ್ಕೆ ಆಟೋ ಹತ್ತಿದೆವು. ದಿನಕ್ಕೆಷ್ಟು ಸಿಗುತ್ತೆ, ಹತ್ತು ವರ್ಷದ ಹಿಂದೆ ಎಷ್ಟು ಸಿಗುತ್ತಿತ್ತು ಎಂದು ಅಕ್ಕ ತಮಿಳಿನಲ್ಲಿ ಶುರು ಮಾಡಿದಳು. ಆಟೋದವನು ಕನ್ನಡಿಯಲ್ಲಿ ಅವಳ ಪೆನ್ನು, ಫಾರಂ ನೋಡಿದ. ಇನ್‌ಕಮ್ ಟ್ಯಾಕ್ಸಿನವಳೆಂದು ಹೆದರಿ, ಮಾತಾಡಿದ್ದ ಬಾಡಿಗೆಯನ್ನೂ ಮರೆತು, ಅರ್ಧ ದಾರಿಯಲ್ಲಿ ಮೀಟರ್ ಹಾಕಿಬಿಟ್ಟ! ಈ ಊರಲ್ಲೇ ಹುಟ್ಟಿ ಬೆಳೆದ ನನಗೆ ಅಂಥ ದರ್ಶನ ಅದೇ ಮೊದಲು.

ಸೀರೆ ಅಂಗಡಿಯಲ್ಲೂ ಅದೇ ಕಥೆ. ಸೀರೆ ಬಿಡಿಸಿ ತೋರಿಸುತ್ತಿದ್ದ ಹುಡುಗಿಯ ವಯಸ್ಸು, ಓದು, ಸಂಬಳ, ಮನೆಮಂದಿ ಎಲ್ಲ ವಿಚಾರಿಸಿದಳು. ಹುಡುಗಿ ಸೀರೆ ಮಡಿಸುತ್ತ ಕೇಳಿದಳು: "ಎನ್ನಕ್ಕಾ, ಪೊಡವೆ ಪಾಕ್ಕ ವಂದೀಂಗಳಾ, ಪೊಣ್ಣು ಪಾಕ್ಕ ವಂದೀಂಗಳಾ?" ಸೀರೆ ನೋಡಲು ಬಂದಿರೋ, ಹೆಣ್ಣು ನೋಡಲು ಬಂದಿರೋ! ನ್ಯಾಯವಾದ ಪ್ರಶ್ನೆಯಲ್ಲವೆ?

ಸೀರೆ ಕೊಳ್ಳದೆ ಹಿಂದಿರುಗಿದೆವು. ಆ ಸಂಜೆ ಬಾಲ್ಕನಿಯಲ್ಲಿ ಅಕ್ಕನ ಓಡಾಟ ಇಮ್ಮಡಿಯಾಯಿತು. "ದಿನವಿಡೀ ಸೀರೆ ಬಿಡಿಸ್ತಾಳೆ ಕಣೋ. ಅದ್ರಲ್ಲಿ ಒಂದನ್ನೂ ಅವಳು ತಗೊಳ್ಳಕ್ಕಾಗಲ್ಲ."

"ನೀನೂ ತಗೊಂಡಿಲ್ವಲ್ಲ, ಸಮಾನತೆ ಬಂತು ಬಿಡು!" ಎಂದೆ. ದಿಂಬು ಹಾರಿ ಬಂತು.

ಇಷ್ಟು ನಗುವ ನಾನು ಕಳೆದ ವರ್ಷ ಕೆಲಸ ಕಳೆದುಕೊಂಡೆ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ದಿನಾ ಬೆಳಿಗ್ಗೆ ಆಫೀಸಿನ ಬ್ಯಾಗು ಹಾಕಿಕೊಂಡು ಹೊರಡುತ್ತಿದ್ದೆ. ಅಡ್ಯಾರಿನವರ ಕಣ್ಣಿಗೆ ಬೀಳದಂತೆ ಕೀಲ್ಪಾಕಿನ ಒಂದು ಪಾರ್ಕಿನಲ್ಲಿ ಬೆಂಚಿನಿಂದ ಬೆಂಚಿಗೆ ಸುತ್ತುತ್ತಿದ್ದೆ. ಮೂರನೆಯ ವಾರ, ಕಸ ಗುಡಿಸುವಾಕೆಯನ್ನು ವಿಚಾರಿಸಿ ಮುಗಿಸಿ, ಫಾರಂ ಹಿಡಿದು ಮುಂದಿನ ಬೆಂಚಿಗೆ ಬಂದವಳು ಅಕ್ಕ! ಆ ಬೆಂಚಿನಲ್ಲಿ ನಾನು.

ಅವಳು ನನ್ನನ್ನು ನೋಡಿದಳು, ಬ್ಯಾಗನ್ನು ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು. ಪಕ್ಕದಲ್ಲಿ ಕೂತು ತನ್ನ ಡಬ್ಬಿ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಪುಳಿಯೋಗರೆ. ತಿನ್ನು."

ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ತಿಂದು ಮುಗಿಸುವವರೆಗೂ ಅಲುಗಾಡಲಿಲ್ಲ. ಆಮೇಲೆ ಮೆಲ್ಲಗೆ ಅಂದಳು: "ಅಮ್ಮನಿಗೆ ನೀನೇ ಹೇಳ್ತೀಯೋ, ಇಬ್ರೂ ಸೇರಿ ಹೇಳೋಣ್ವೋ?"

ಖಾಲಿ ಡಬ್ಬಿಯ ಮುಚ್ಚಳ ಹಾಕಿದೆ. "ಇಬ್ರೂ," ಎಂದೆ.