ಜಂಬೋ ಮಿರ್ಚಿಯ ಫ್ಲೆಕ್ಸು

ಗಾಳೆಪ್ಪನ ಫಜೀತಿ ಶುರುವಾದದ್ದು ಹೆಂಡತಿಯ ಮೇಲಿನ ಪ್ರೀತಿಯಿಂದ. ಕುರುಗೋಡು ಬಸ್‌ಸ್ಟ್ಯಾಂಡಿನ ಎದುರು ಅವರ ಮಿರ್ಚಿ ಬಂಡಿ. ಹಿಟ್ಟಿನ ಹದ ಗೊತ್ತಿದ್ದದ್ದು ಪಾರಮ್ಮನಿಗೆ, ಹೆಸರು ಬಂದದ್ದು ಗಾಳೆಪ್ಪನಿಗೆ. ಇದು ಸರಿಯಲ್ಲವೆಂದು ಅವನು ಗುಟ್ಟಾಗಿ ಬಳ್ಳಾರಿಯಲ್ಲಿ ಫ್ಲೆಕ್ಸ್ ಮಾಡಿಸಿ ತಂದು ಕಟ್ಟಿದ. ನಡುವೆ ಪಾರಮ್ಮನ ಫೋಟೊ, ಅವಳ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ 'ಜಂಬೋ', ಕೆಳಗೆ ಸಣ್ಣದಾಗಿ 'ಮಿರ್ಚಿ'.

ಪಾರಮ್ಮ ಮದುಮಗಳಂತೆ ನಾಚಿದಳು. ಅಷ್ಟರಲ್ಲಿ ನಿವೃತ್ತ ಮೇಷ್ಟ್ರು ವಿರೂಪಾಕ್ಷಿ ಬಂದರು.

"ಜಂಬೋ ಅಂದ್ರ ಏನ್ರಿ ಸರ?" ಅವಳೇ ಕೇಳಿದಳು.

"ಹಿಂದಕ ಲಂಡನ್ನಿನ ಝೂದಾಗ ಒಂದು ಆನಿ ಇತ್ತವ್ವಾ. ಅದರ ಹೆಸರು ಜಂಬೋ. ಅದನ್ನ ನೋಡಿ ಮಂದಿ ದೊಡ್ಡದಕ್ಕೆಲ್ಲ ಜಂಬೋ ಅನ್ನಾಕ ಹತ್ತಿದ್ರು."

ಪಾರಮ್ಮ ಫೋಟೊ ನೋಡಿದಳು. ತನ್ನ ತೋಳು ನೋಡಿಕೊಂಡಳು. ಸೌಟು ಕೆಳಗಿಟ್ಟು, ಬಂಡಿಯ ಹಿಂದೆ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಳು.

"ಗಂಡ ಅಂದ್ರ ಹಿಂಗಿರಬೇಕು ನೋಡು, ಹೆಂಡ್ತಿ ಆನಿ ಅಂತ ಊರಿಗೆಲ್ಲ ಬರೆಸ್ಯಾನ!" ಪಕ್ಕದಲ್ಲಿ ಹೂ ಮಾರುವ ಊರಮ್ಮ ಇನ್ನಷ್ಟು ಎಣ್ಣೆ ಸುರಿದಳು.

"ಸರ, ಬ್ಯಾರೆ ಅರ್ಥ ಏನರ ಐತೇನ್ರಿ?" ಗಾಳೆಪ್ಪ ಅಂಗಲಾಚಿದ.

"ಆ ಹೆಸರು ಆಫ್ರಿಕಾದ ಯಾವುದೋ ಭಾಷಾದಿಂದ ಬಂದಿರಬಹುದು ಅಂತಾರಪ್ಪಾ. ಅದು ಖಾತ್ರಿ ಇಲ್ಲ. ಆನಿ ಮಾತ್ರ ಖಾತ್ರಿ."

ಗಾಳೆಪ್ಪ ತಾನೇ ಹಿಟ್ಟು ಕಲಸಿದ. ಹಿಟ್ಟು ನೀರಾಗಿ, ಮೆಣಸಿನಕಾಯಿಗಳು ಎಣ್ಣೆಯಲ್ಲಿ ಕಾಲುವೆಗಿಳಿದ ಹುಡುಗರ ಹಾಗೆ ಬೆತ್ತಲೆ ಈಜಿದವು. ಅಕ್ಷರ ಮರೆಯಾದರೆ ಸಿಟ್ಟು ಇಳಿದೀತೆಂದು ಊರಮ್ಮನ ಹತ್ತಿರ ಸೇವಂತಿಗೆ ಹಾರ ತಂದು 'ಜಂಬೋ' ಮೇಲೆ ಕಟ್ಟಿದ. ಅದರ ತುದಿಗಳು ಫೋಟೊದ ಎರಡೂ ಬದಿಗೆ ಇಳಿಬಿದ್ದವು.

ಆಗಲೇ ಸಿರುಗುಪ್ಪದ ಬಸ್ಸು ಬಂತು. ವಾರಕ್ಕೊಮ್ಮೆ ಬರುವ ಗಿರಾಕಿ, ರಾರಾವಿಯ ದೊಡ್ಡಬಸಮ್ಮ, ಹಾರ ಹಾಕಿದ ಫೋಟೊ ಕಂಡು ಎದೆ ಬಡಿದುಕೊಂಡಳು.

"ಅಯ್ಯ ನನ್ನವ್ವಾ! ಯಾವಾಗಪ್ಪಾ?"

ಗಾಳೆಪ್ಪ ತಬ್ಬಿಬ್ಬಾದ. "ಮುಂಜಾನಿಂದ... ಮಾತಿಲ್ರಿ."

"ಹೋದ ವಾರ ನನ್ನ ಮೊಮ್ಮಗಳಿಗೆ ಖಾರ ಆದೀತಂತ ಒಂದೊಂದೇ ಬೀಜ ತಗದು ಕರದು ಕೊಟ್ಟಿದ್ದಳಲ್ಲೋ!"

ಇಳಿದವರೆಲ್ಲ ಕಣ್ಣೊರೆಸಿಕೊಂಡರು. ಡ್ರೈವರ್ ಹಾರ್ನ್ ಒತ್ತಲಿಲ್ಲ. ಗಾಳೆಪ್ಪ ಬಾಣಲೆಯಲ್ಲಿದ್ದ ಮಿರ್ಚಿ ತಿರುವಿ ಹಾಕಿದ.

ಬಂಡಿಯ ಹಿಂದಿನಿಂದ ಪಾರಮ್ಮ ಎದ್ದಳು. ನಾಲ್ಕು ಜನ ಹಿಂದಕ್ಕೆ ಜಿಗಿದರು. ಅವಳ ಕಣ್ಣು ತುಂಬಿತ್ತು. "ಜೀವಂತ ಅದೀನವ್ವಾ," ಎಂದು ದೊಡ್ಡಬಸಮ್ಮನನ್ನು ತಬ್ಬಿಕೊಂಡಳು.

"ಸಿಟ್ಟು ಹೋತೇನು?" ಗಾಳೆಪ್ಪ ಮೆಲ್ಲಗೆ ಕೇಳಿದ.

"ಆನಿ ಸಿಟ್ಟು ಹೋತ್ರಿ."

ಅವನು ನಗಲು ಬಾಯಿ ತೆರೆದ.

"ಯಾರ್ಯಾರೋ ಅತ್ತರು. ನೀವು ಮಾತ್ರ ಮಿರ್ಚಿ ತಿರುವಿ ಹಾಕ್ಕೋತ ನಿಂತಿದ್ರಿ."

"ಅಲ್ಲ ಪಾರೂ, ನೀ ಇಲ್ಲೇ ಕುಂತಿದ್ದಿಯಲ್ಲ!"

ಪಾರಮ್ಮ ಮತ್ತೆ ಗೋಡೆಗೆ ಮುಖ ಮಾಡಿ ಕುಳಿತಳು.