ತಂಗುದಾಣ ವಿಜಯ

ಫ್ಲೆಕ್ಸ್‌ಗಳು ಗಗನವನ್ನು ಆವರಿಸಿ, ಸೂರ್ಯನೂ ನಗರಸಭೆಯ ಅನುಮತಿ ಪಡೆದೇ ಉದಯಿಸಬೇಕೆಂಬಂತಿದ್ದ ಆ ಮಹಾಯುಗದಲ್ಲಿ, ಹೇ ವಾಗ್ದೇವಿ, ಕರಿಗೆರೆ ಪಟ್ಟಣದ ಜವಳಿಸಾಲಿನಲ್ಲಿ ಮೂವತ್ತು ವರ್ಷ ಅಪ್ರತಿಹತನಾಗಿ ಬಟ್ಟೆ ಹರಿದ ಮೀಟರುಕೋಲುಧಾರಿ, ಚೌಕಾಸಿಸಮರಧುರಂಧರ, ನೂತನ ವಾರ್ಡ್ ಸದಸ್ಯ ಗುರುಶಾಂತಪ್ಪನ ಕೀರ್ತಿಯನ್ನು ನನ್ನಿಂದ ನುಡಿಸು.

ಚುನಾವಣೆಯಲ್ಲಿ ಪ್ರಚಂಡ ಮಾಜಿ ಸದಸ್ಯೆ ನೀಲವ್ವ ಕಮತರಳನ್ನು ಮಣಿಸಿದ್ದರೂ ಆ ವೀರನ ಎದೆಯಲ್ಲೊಂದು ಶಲ್ಯವಿತ್ತು. ಊರು ಅವನನ್ನು ಇನ್ನೂ 'ಸಾವ್ಕಾರ್ರ' ಎಂದೇ ಕರೆಯುತ್ತಿತ್ತು; 'ಮೆಂಬರ್ರ' ಎಂದು ಒಬ್ಬನೂ ಅಂದಿರಲಿಲ್ಲ. ಒಂದೇ ಒಂದು ಉದ್ಘಾಟನೆಯಾದರೆ ಸಾಕು, ಅಂದೇ ಅನ್ನುತ್ತಾರೆಂದು ಅವನು ನಂಬಿದ್ದ. ಆ ಶುಭದಿನ ಬಂದಿತ್ತು. ಹೊಸ ಬಸ್ ತಂಗುದಾಣದ ಮುಂದೆ ಕೆಂಪು ರಿಬ್ಬನ್, ಹರಿವಾಣದಲ್ಲಿ ಕತ್ತರಿ, ಪಕ್ಕದಲ್ಲಿ ಬ್ಯಾಂಡ್.

ರಿಬ್ಬನ್ನಿನ ಆಚೆ, ಕಲ್ಲುಬೆಂಚಿನ ಮೇಲೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೀಲವ್ವ ಆಸೀನಳಾಗಿದ್ದಳು.

"ಏಳ್ರಿ ಯಕ್ಕಾ, ಇನ್ನೂ ಉದ್ಘಾಟನಾ ಆಗಿಲ್ಲ," ಎಂದ ಗುರುಶಾಂತಪ್ಪನ ಅನುಚರ ಈರಣ್ಣ.

"ಮಂಜೂರ್ ಮಾಡಿಸಿದಾಕಿ ನಾನು. ನಿಮ್ಮ ರಿಬ್ಬನ್ ಮುಟ್ಟೀನೇನು? ಬಸ್ಸಿಗೆ ಕುಂತೀನಿ. ಬಸುರಿ ಮಗಳ ಕುಬಸ ಐತಿ. ನೀ ನನ್ನ ಹೊತ್ಕೊಂಡ್ ಹೊಕ್ಕೀಯೇನು?"

ಜನ ನಕ್ಕರು. ಒಬ್ಬರು ಆಗಲೇ ಕುಳಿತುಬಿಟ್ಟ ತಂಗುದಾಣವನ್ನು ಉದ್ಘಾಟಿಸುವುದು ಹೇಗೆ? ಗುರುಶಾಂತಪ್ಪ ಪ್ರಳಯಕಾಲದ ಮೇಘದಂತೆ ಮುನ್ನಡೆದ. 'ಎಲೌ ಪರಾಜಿತೆಯೇ, ಮತದಾರಮಹಾಸಾಗರವನ್ನು ಈಜಿ ದಡ ಸೇರಿದವನು ನಾನು! ಜನಾದೇಶವೇ ನನ್ನ ಗದೆ! ಏಳು, ಇಲ್ಲವೇ...' ಎಂಬ ಸಿಂಹಗರ್ಜನೆ ಎದೆಯಿಂದ ಹೊರಟು ಕಂಠದವರೆಗೂ ಬಂದಿತು. ಆದರೆ ಕಣ್ಣೆದುರು ಕಂಡದ್ದು, ಚೀಲ ಹಿಡಿದು ಕುಳಿತ ಒಬ್ಬ ಹೆಣ್ಣುಮಗಳು. ಮುಂದಿನದನ್ನು ಮೂವತ್ತು ವರ್ಷಗಳ ಅಭ್ಯಾಸವೇ ನುಡಿಯಿತು.

"ಕುಂದರ್ರಿ ಅಕ್ಕಾರ, ಕುಂದರ್ರಿ. ಚಾ ತರಸ್ಲಿ?"

ಬ್ಯಾಂಡಿನವನ ಕೈಯಲ್ಲಿದ್ದ ಕೋಲು ಗಾಳಿಯಲ್ಲೇ ನಿಂತಿತು.

"ತರಸು. ಸಕ್ಕರಿ ಕಡಿಮಿ ಇರ್ಲಿ," ಎಂದಳು ನೀಲವ್ವ. ಚಹಾ ಬಂದಿತು.

"ಸಾವ್ಕಾರ್ರ, ಮುಹೂರ್ತ ಮೀರಾಕತ್ತೈತಿ! ಕತ್ತರಿ ಹಿಡೀರಿ!" ಈರಣ್ಣ ಹಲ್ಲು ಕಡಿದ.

ಗುರುಶಾಂತಪ್ಪ ಕತ್ತರಿಯನ್ನೇನೋ ಹಿಡಿದ, ಎತ್ತಲಾಗಲಿಲ್ಲ. ಗಿರಾಕಿ ಚಹಾ ಕುಡಿಯುವಾಗ ಕತ್ತರಿ ಆಡಿಸಬಾರದು, ಆಡಿಸಿದರೆ ತನ್ನನ್ನು ಅವಸರಪಡಿಸುತ್ತಾರೆಂದು ಎದ್ದು ಹೋಗುತ್ತಾಳೆ ಎಂಬುದು ಜವಳಿಸಾಲಿನ ಸನಾತನ ರಣಧರ್ಮ. ಅವಳು ಎದ್ದು ಹೋಗಬೇಕೆಂಬುದೇ ಇಲ್ಲಿಯ ಯುದ್ಧವೆಂಬುದು ಅವನಿಗೆ ಹೊಳೆಯುವಷ್ಟರಲ್ಲಿ ಬಸ್ಸು ಬಂದಿತು.

ನೀಲವ್ವ ಖಾಲಿ ಕಪ್ಪನ್ನು ಅವನ ಎಡಗೈಗೆ ಕೊಟ್ಟು ನೇರವಾಗಿ ನಡೆದಳು. ಕಂಬಗಳಿಗೆ ಕಟ್ಟಿದ್ದ ಗಂಟುಗಳು ಸಡಿಲಿದವು. ಚೀಲದ ಹಿಡಿಕೆಗೆ ಸಿಕ್ಕ ಕೆಂಪು ರಿಬ್ಬನ್ ಅವಳೊಂದಿಗೆ ಬಸ್ಸೇರಿತು. ರಿಬ್ಬನ್ ಬಿದ್ದೊಡನೆ ಬಾರಿಸಬೇಕೆಂದು ಆಜ್ಞೆ ಪಡೆದಿದ್ದ ಬ್ಯಾಂಡಿನವರು ಆಜ್ಞೆ ಪಾಲಿಸಿದರು.

"ಬರ್ತೀನಪಾ ಸಾವ್ಕಾರ," ಎಂದಳು ಕಿಟಕಿಯಿಂದ.

ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಕಪ್ಪು ಹಿಡಿದ ಮಹಾವೀರ ತಲೆಬಾಗಿ ನುಡಿದ:

"ಮತ್ತ ಬರ್ರಿ ಅಕ್ಕಾರ."